ಒಂದು ಯಾವುದು, ಮೂವರು ಯಾರು?

ತ್ರಿತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ಕ್ರೈಸ್ತ ಬೋಧನೆ) ಮತ್ತು ಯೇಸುವಿನ ಸ್ವಭಾವದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯವನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ‘ತ್ರಿತ್ವ’, ‘ತ್ರಯೇಕ ದೇವರು’ ಎಂಬ ಪದ ಬೈಬಲಿನಲ್ಲಿ ಎಲ್ಲಿದೆ? ಹುಡುಕಿ ಹುಡುಕಿ ಸೋತೆ. — ಓದುಗರು, ಗದಗ

ಎಲ್ಲೂ ಇಲ್ಲ. ಇನ್ನು ಹುಡುಕಬೇಡಿ. ಗ್ರೀಕಿನ ‘ತ್ರಿಯಾಸ್’ ಎಂಬ ಪದವನ್ನು ದೇವರ ವಿಷಯದಲ್ಲಿ ಮೊದಲು ಬಳಸಿದ್ದು ಸುಮಾರು 180ರಲ್ಲಿ, ಅಂತಿಯೋಕ್ಯದ ಥಿಯೊಫಿಲಸ್. ಲ್ಯಾಟಿನ್‌ನಲ್ಲಿ ‘ತ್ರಿನಿತಾಸ್’ ಎಂಬ ಪದಕ್ಕೆ ಬಳಕೆ ತಂದುಕೊಟ್ಟವನು ಆಮೇಲೆ ಬಂದ ಕಾರ್ಥೇಜಿನ ತೆರ್ತುಲ್ಲಿಯನ್. ಪದ ತಡವಾಗಿ ಬಂತು, ಅದು ಹೆಸರಿಟ್ಟ ಸಮಸ್ಯೆ ಮೊದಲೇ ಇತ್ತು. ‘ನಮ್ಮ ದೇವರಾದ ಯೆಹೋವನು ಒಬ್ಬನೇ’ ಎನ್ನುತ್ತದೆ ಧರ್ಮೋಪದೇಶಕಾಂಡ 6:4. ಅದನ್ನು ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದ ಯೆಹೂದ್ಯರ ನಡುವೆ ಬೆಳೆದ ಶಿಷ್ಯ ತೋಮನೇ ಯೋಹಾನ 20:28ರಲ್ಲಿ ಯೇಸುವನ್ನು ‘ನನ್ನ ಸ್ವಾಮಿ, ನನ್ನ ದೇವರು’ ಎಂದು ಕರೆಯುತ್ತಾನೆ. ಅಪೊಸ್ತಲರ ಕೃತ್ಯಗಳು 5:3-4ರಲ್ಲಿ ಪವಿತ್ರಾತ್ಮನಿಗೆ ಸುಳ್ಳು ಹೇಳಿದ್ದೂ ದೇವರಿಗೆ ಸುಳ್ಳು ಹೇಳಿದ್ದೂ ಒಂದೇ ಆಗುತ್ತದೆ. ಈ ಮೂರರಲ್ಲಿ ಯಾವುದನ್ನೂ ಬಿಡದೆ ಒಟ್ಟಿಗೆ ಹಿಡಿಯುವುದು ಹೇಗೆ? ತ್ರಿತ್ವದ ಚರ್ಚೆ ಇರುವುದು ಇಷ್ಟರ ಮೇಲೆಯೇ.

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಯೋಹಾನ 10:30ರಲ್ಲಿ ‘ನಾನೂ ತಂದೆಯೂ ಒಂದಾಗಿದ್ದೇವೆ’ ಎಂದಿದೆ. ಗ್ರೀಕ್ ಮೂಲದಲ್ಲಿರುವ ‘ಹೆನ್’ ನಪುಂಸಕ ಪದ. ಅಂದರೆ ‘ಒಂದು’, ‘ಒಬ್ಬ’ ಅಲ್ಲ. ಜೊತೆಗೆ ಕ್ರಿಯಾಪದ ಬಹುವಚನ: ‘ಇದ್ದೇವೆ’. ತಂದೆಯೇ ಮಗನಾಗಿ ಬಂದ ಎಂದು ಹೇಳುತ್ತಿದ್ದ ಪ್ರಾಕ್ಸಿಯಾಸನ ವಿರುದ್ಧ ತೆರ್ತುಲ್ಲಿಯನ್ ಹಿಡಿದದ್ದು ಈ ವ್ಯಾಕರಣವನ್ನೇ. ಇಂಗ್ಲಿಷ್ ಓದುಗರಿಗೆ ಇದನ್ನು ಅಡಿಟಿಪ್ಪಣಿ ಹಾಕಿ ವಿವರಿಸಬೇಕಾಗುತ್ತದೆ. ನಮಗೆ ಒಂದು–ಒಬ್ಬ, ಮೂರು–ಮೂವರು, ಏನು–ಯಾರು ಎಂಬ ವ್ಯತ್ಯಾಸ ಬಾಯಲ್ಲೇ ಇದೆ. ‘ಏನು?’ ಎಂದು ಕೇಳಿದರೆ ಒಂದು, ‘ಯಾರು?’ ಎಂದು ಕೇಳಿದರೆ ಮೂವರು. ಮುಂದಿನ ಉತ್ತರಗಳಲ್ಲೆಲ್ಲ ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಆದಿಕಾಂಡದ ಮೊದಲ ವಾಕ್ಯದಲ್ಲಿ ದೇವರಿಗೆ ಹೀಬ್ರೂವಿನಲ್ಲಿ ಬಹುವಚನವಿದೆ, ಅದೇ ತ್ರಿತ್ವಕ್ಕೆ ಸಾಕ್ಷಿ ಎಂದು ಬೋಧಕರು ಹೇಳಿದರು. ಸರಿಯೇ? — ಓದುಗರು, ಚಿಕ್ಕಮಗಳೂರು

ಸಾಕ್ಷಿ ಎನ್ನಲಾಗದು. ‘ಎಲೋಹಿಮ್’ ರೂಪದಲ್ಲಿ ಬಹುವಚನ ಹೌದು, ಆದರೆ ಅದರ ಜೊತೆಗಿನ ‘ಬಾರಾ’ ಎಂಬ ಕ್ರಿಯಾಪದ ಏಕವಚನ. ‘ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು’ ಎಂಬ ಕನ್ನಡ ವಾಕ್ಯದಲ್ಲೂ ಅದೇ ಇದೆ, ‘ದೇವರು’ ಎಂಬುದು ‘ರು’ಕಾರದಲ್ಲಿ ಮುಗಿಯುತ್ತದೆ, ‘ಉಂಟುಮಾಡಿದನು’ ಏಕವಚನ. ಹಾಗೆಂದು ಕನ್ನಡಿಗರು ಮೂವರು ದೇವರನ್ನು ಎಣಿಸುತ್ತಿದ್ದಾರೆ ಎನ್ನುವವರುಂಟೇ? ಮೊದಲನೆಯ ಅರಸುಗಳು 11:33ರಲ್ಲಿ ಚೀದೋನ್ಯರ ಒಬ್ಬಳೇ ದೇವತೆ ಅಷ್ಟೋರೆತಳಿಗೂ ಇದೇ ‘ಎಲೋಹಿಮ್’ ಪದವಿದೆ. ದುರ್ಬಲವಾದ ಸಾಕ್ಷಿಯನ್ನು ಮುಂದಿಟ್ಟರೆ ಅದು ಬಿದ್ದ ದಿನ ಗಟ್ಟಿ ಸಾಕ್ಷಿಗೂ ಬೆಲೆ ಇರುವುದಿಲ್ಲ.

ಪ್ರಶ್ನೆ: 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಮತ ಹಾಕಿಸಿ ಯೇಸುವನ್ನು ದೇವರು ಮಾಡಿದ ಎಂದು ಓದಿದೆ. ಒಂದೇ ಅಕ್ಷರಕ್ಕೆ ಅಷ್ಟು ದೊಡ್ಡ ಜಗಳವಂತೆ. ನಿಜವೇ? — ಓದುಗರು, ಮೈಸೂರು. ಇದೇ ಪ್ರಶ್ನೆ ಹುಬ್ಬಳ್ಳಿಯಿಂದಲೂ

ನಿಜವಲ್ಲ. ಆದರೆ ಅಲ್ಲಿ ನಿಜಕ್ಕೂ ಆದದ್ದು ಈ ಕಟ್ಟುಕಥೆಗಿಂತ ಸ್ವಾರಸ್ಯವಾಗಿದೆ.

325ರಲ್ಲಿ ಬಿಷಪರ ಸಭೆ ಸೇರಿದ ನಿಕೇಯ ಇಂದಿನ ಟರ್ಕಿಯ ಇಜ್ನಿಕ್. ಆಗ ಅದು ಬಿಥಿನಿಯ ಪ್ರಾಂತ್ಯದ ಊರು. ಅದೇ ಪ್ರಾಂತ್ಯದ ರಾಜ್ಯಪಾಲನಾಗಿದ್ದ ಪ್ಲಿನಿ ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆಯುತ್ತಾ, ಈ ಕ್ರೈಸ್ತರು ಬೆಳಕು ಹರಿಯುವ ಮೊದಲೇ ಕೂಡಿ ಕ್ರಿಸ್ತನಿಗೆ ದೇವರಿಗೆಂಬಂತೆ ಹಾಡು ಹಾಡುತ್ತಾರೆ ಎಂದು ತಿಳಿಸುತ್ತಾನೆ. ಅಂದರೆ ಕಾನ್‌ಸ್ಟಂಟೈನನಿಗೆ ಇನ್ನೂರು ವರ್ಷ ಮೊದಲೇ, ಅದೇ ಸೀಮೆಯಲ್ಲಿ, ಆರಾಧನೆ ನಡೆದಿತ್ತು. ‘ದೇವರು’ ಎಂಬ ಮಾತಿಗೆ ಇಲ್ಲಿ ಎಷ್ಟು ತೂಕ ಎಂಬುದೊಂದೇ ಬಾಕಿ ಇದ್ದ ಪ್ರಶ್ನೆ.

ಅಲೆಕ್ಸಾಂಡ್ರಿಯದ ಹಿರಿಯ ಪಾದ್ರಿ ಆರಿಯಸ್ ಯೇಸು ಬರೀ ಮನುಷ್ಯನೆಂದು ಎಂದೂ ಹೇಳಲಿಲ್ಲ. ಮಗನು ಲೋಕಕ್ಕಿಂತ ಮೊದಲಿನವನು, ಲೋಕವೆಲ್ಲ ಆತನ ಮೂಲಕವೇ ಉಂಟಾಯಿತು ಎಂದು ಆತನೂ ಒಪ್ಪುತ್ತಿದ್ದ. ಆದರೆ ಮಗನೂ ಉಂಟಾದವನೇ, ಶೂನ್ಯದಿಂದ ತಂದೆ ಉಂಟುಮಾಡಿದ ಮೊದಲ ಮತ್ತು ಶ್ರೇಷ್ಠ ಸೃಷ್ಟಿ ಎಂದ. ‘ಆತನು ಇರದೆ ಇದ್ದದ್ದುಂಟು’ ಎಂಬುದು ಅವನ ಕಡೆಯವರ ಘೋಷವಾಕ್ಯ. ಅದರಲ್ಲಿ ‘ಕಾಲ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದರು, ಏಕೆಂದರೆ ಕಾಲವೂ ಮಗನ ಮೂಲಕವೇ ಆದದ್ದೆಂದು ಅವರ ನಂಬಿಕೆ. ಆರಿಯಸ್ ದಡ್ಡನಲ್ಲ, ಅವನ ಕೈಯಲ್ಲಿ ವಚನಗಳಿದ್ದವು. ಜ್ಞಾನೋಕ್ತಿ 8:22ನ್ನು ಅಂದಿನ ಗ್ರೀಕ್ ಅನುವಾದದಲ್ಲಿ ಓದಿದರೆ ಜ್ಞಾನವು ‘ಕರ್ತನು ನನ್ನನ್ನು ಸೃಷ್ಟಿಸಿದನು’ ಎನ್ನುತ್ತದೆ. ಹೀಬ್ರೂವಿನ ‘ಕಾನಾ’ಕ್ಕೆ ಪಡೆದುಕೊಂಡನು, ಹೊಂದಿದ್ದನು ಎಂಬ ಅರ್ಥಗಳೂ ಇವೆ. ಆದರೆ ಆ ಚರ್ಚೆಯಲ್ಲಿ ಎರಡೂ ಕಡೆಯವರು ಓದುತ್ತಿದ್ದದ್ದು ಗ್ರೀಕನ್ನು.

ಎದುರು ಪಕ್ಷದ, ಮುಂದೆ ಅಲೆಕ್ಸಾಂಡ್ರಿಯದ ಬಿಷಪನಾದ ಅಥನಾಸಿಯಸ್ ಇಟ್ಟ ವಾದ ಸರಳ. ಮಗನು ಸೃಷ್ಟಿಯಾದರೆ ಅವನನ್ನು ಆರಾಧಿಸುವುದು ವಿಗ್ರಹಾರಾಧನೆ. ನಾವೆಲ್ಲರೂ ಆರಾಧಿಸುತ್ತಿದ್ದೇವೆ. ಒಂದೋ ಆರಾಧನೆ ಬಿಡಬೇಕು, ಇಲ್ಲವೇ ಸೃಷ್ಟಿ ಎನ್ನುವುದನ್ನು ಬಿಡಬೇಕು. ಇದಕ್ಕೆ ಆರಿಯಸನ ಕಡೆಯಿಂದ ಸಮರ್ಪಕ ಉತ್ತರ ಬರಲಿಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಸಭೆಯಲ್ಲಿ ಮೊದಲು ಬೈಬಲಿನ ಮಾತುಗಳಲ್ಲೇ ಬರೆಯಲು ನೋಡಿದರು. ‘ಮಗನು ದೇವರಿಂದ ಬಂದವನು’ ಎಂದು ಬರೆದರೆ ಆರಿಯಸನ ಕಡೆಯವರು ತಲೆಯಾಡಿಸಿದರು. ಸಮಸ್ತವೂ ದೇವರಿಂದಲೇ ಬಂದದ್ದು ಎಂದು 1 ಕೊರಿಂಥ 8:6ರಲ್ಲಿ ಇದೆಯಲ್ಲ! ಯಾವ ವಚನ ಕೊಟ್ಟರೂ ಅವರು ತಮ್ಮ ಅರ್ಥದಲ್ಲಿ ಒಪ್ಪಿಕೊಂಡು ಪರಸ್ಪರ ಕಣ್ಸನ್ನೆ ಮಾಡುತ್ತಿದ್ದರೆಂದು ಅಥನಾಸಿಯಸ್ ಬರೆದಿಟ್ಟಿದ್ದಾನೆ. ಕೊನೆಗೆ ಅವರು ತಲೆಯಾಡಿಸಲಾಗದ ಪದ ಬೇಕಾಯಿತು, ಬೈಬಲಿನಲ್ಲಿ ಇಲ್ಲದ ‘ಹೋಮೊಊಸಿಯೋಸ್’ ಬಂದದ್ದು ಹಾಗೆ: ತಂದೆಯ ಸತ್ವವೇ ಮಗನ ಸತ್ವ. ಇಬ್ಬರು ಬಿಷಪರು, ಲಿಬಿಯ ಕಡೆಯ ಥಿಯೋನಸ್ ಮತ್ತು ಸೆಕುಂದಸ್, ಸಹಿ ಹಾಕದೆ ಆರಿಯಸನೊಂದಿಗೆ ಗಡೀಪಾರಾದರು.

ಇನ್ನು ಒಂದಕ್ಷರದ ಕಥೆ. ‘ಹೋಮೊಇಊಸಿಯೋಸ್’, ಅಂದರೆ ‘ಹೋಲುವ ಸತ್ವ’ ಎಂಬ ಪಕ್ಷ ಗಟ್ಟಿಯಾದದ್ದು 350ರ ದಶಕದಲ್ಲಿ, ನಿಕೇಯದಲ್ಲಲ್ಲ. ‘ಅದೇ ಸತ್ವ’ ಎಂದರೆ ತಂದೆ ಮಗ ಇಬ್ಬರೂ ಒಬ್ಬನೇ ಆಗಿಬಿಡುತ್ತಾರೆಂದು ಆ ಪಕ್ಷದವರಿಗೆ ಭಯ. ಅಥನಾಸಿಯಸ್ ಅವರನ್ನು ಶತ್ರುಗಳೆನ್ನಲಿಲ್ಲ, ಪದಕ್ಕೆ ಅಂಜುವ ಸಹೋದರರು ಎಂದ. ಗೊಂದಲಕ್ಕೆ ಇನ್ನೊಂದು ಕಾರಣವೂ ಇತ್ತು. 325ರ ಖಂಡನಾ ವಾಕ್ಯದಲ್ಲಿ ‘ಊಸಿಯ’ ಮತ್ತು ‘ಹಿಪೊಸ್ಟಾಸಿಸ್’ ಎರಡೂ ಒಂದೇ ಅರ್ಥದ ಪದಗಳಾಗಿ ಬಳಕೆಯಾಗಿವೆ. ಮುಂದೆ ‘ಒಂದು ಊಸಿಯ, ಮೂರು ಹಿಪೊಸ್ಟಾಸಿಸ್’ ಎಂದವರು ನಿಕೇಯವನ್ನೇ ಮೀರಿದಂತೆ ಕಂಡರು. 362ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಸಣ್ಣದೊಂದು ಸಭೆ ಕೂಡಿ ಎರಡೂ ಗುಂಪಿನವರನ್ನು ‘ನೀವು ಈ ಪದದಿಂದ ಹೇಳುವುದೇನು?’ ಎಂದು ಕೇಳಿತು. ಹೇಳುವುದು ಒಂದೇ ಎಂದು ಗೊತ್ತಾಯಿತು. ಕಪ್ಪದೋಕ್ಯದ ಬೆಸಿಲ್ ಮತ್ತು ಜೊತೆಗಾರರು ಅದನ್ನು ಖಚಿತಪಡಿಸಿದರು: ಊಸಿಯ ‘ಏನು?’ಗೆ ಉತ್ತರ, ಹಿಪೊಸ್ಟಾಸಿಸ್ ‘ಯಾರು?’ಗೆ ಉತ್ತರ.

ಚಕ್ರವರ್ತಿಗೆ ಬೇಕಿದ್ದದ್ದು ಶಾಂತಿ. ಕೆಲವೇ ವರ್ಷಗಳಲ್ಲಿ ಆರಿಯಸನನ್ನು ವಾಪಸ್ ಕರೆಸಿದ, 335ರಲ್ಲಿ ಅಥನಾಸಿಯಸನನ್ನೇ ಗಡೀಪಾರು ಮಾಡಿದ, 337ರಲ್ಲಿ ಸಾಯುವ ಮುನ್ನ ದೀಕ್ಷಾಸ್ನಾನ ಪಡೆದದ್ದು ಆರಿಯಸನ ಬೆಂಬಲಿಗನಾಗಿದ್ದ ನಿಕೊಮೇದಿಯದ ಯೂಸೆಬಿಯಸನ ಕೈಯಲ್ಲಿ. ಅವನ ಮಗ ಕಾನ್‌ಸ್ಟಾಂಟಿಯಸ್ ಅರಮನೆಯ ಬಲವನ್ನೆಲ್ಲ ನಿಕೇಯದ ವಿರುದ್ಧವೇ ಬಳಸಿದ. ಅಥನಾಸಿಯಸ್ ಬಿಷಪನಾಗಿದ್ದ 45 ವರ್ಷಗಳಲ್ಲಿ ಐದು ಸಲ, ಸುಮಾರು 17 ವರ್ಷ ಗಡೀಪಾರು. ಅರಸನ ಆಜ್ಞೆಯಿಂದ ಹುಟ್ಟಿದ ಬೋಧನೆಯಾದರೆ ಅರಸರ ವಿರೋಧದಲ್ಲಿ ಅರ್ಧ ಶತಮಾನ ಉಳಿಯುತ್ತಿರಲಿಲ್ಲ. ಆದರೆ 380ರಲ್ಲಿ ಥಿಯೊಡೋಸಿಯಸ್ ಅದನ್ನು ಸಾಮ್ರಾಜ್ಯದ ಶಾಸನ ಮಾಡಿ ಉಳಿದವರನ್ನು ಹತ್ತಿಕ್ಕಿದ್ದೂ ಸತ್ಯ, ಅದನ್ನು ಮುಚ್ಚಿಡಬಾರದು. ಭಾನುವಾರ ನೀವು ಹೇಳುವ ‘ನಿಕೇಯ ವಿಶ್ವಾಸ ಪ್ರಮಾಣ’ವೂ 325ರದ್ದಲ್ಲ. ಪವಿತ್ರಾತ್ಮನ ಬಗೆಗಿನ ಸಾಲುಗಳು ಸೇರಿದ, 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಬಂದ ಪಾಠ ಅದು. 325ರ ಪಾಠ ‘ಪವಿತ್ರಾತ್ಮನನ್ನೂ ನಂಬುತ್ತೇವೆ’ ಎಂದು ಅಲ್ಲಿಗೇ ನಿಲ್ಲುತ್ತದೆ. ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕೆಂಬ ತೀರ್ಮಾನ ನಿಕೇಯದಲ್ಲಿ ನಡೆಯಲೇ ಇಲ್ಲ.

ಪ್ರಶ್ನೆ: ಮನೆಗೆ ಬರುವ ಯೆಹೋವನ ಸಾಕ್ಷಿಗಳು ಯೋಹಾನ 1:1, ಯೋಹಾನ 14:28, ಕೊಲೊಸ್ಸೆ 1:15 ತೋರಿಸಿ ಯೇಸು ದೇವರಲ್ಲ ಎನ್ನುತ್ತಾರೆ. ಏನು ಹೇಳಬೇಕು? — ಓದುಗರು, ಕೋಲಾರ

ಬಾಗಿಲು ಹಾಕಬೇಡಿ, ಬೈಬಲ್ ತೆಗೆಯಿರಿ. ಅವರು ಕೇಳುವುದು ಹಳೆಯ, ಘನವಾದ ಪ್ರಶ್ನೆಗಳೇ.

ಯೋಹಾನ 1:1ರಲ್ಲಿ ‘ವಾಕ್ಯ’ ಎಂದರೆ ದೇವರ ಮಾತು, ಅಂದರೆ ಯೇಸು. ಅದರ ಕೊನೆಯ ಭಾಗದಲ್ಲಿ ‘ಥಿಯೋಸ್’ಗೆ (ದೇವರು) ಗ್ರೀಕಿನ ನಿರ್ದೇಶಕ ಪದ ‘ಹೋ’ ಇಲ್ಲ, ಆದ್ದರಿಂದ ‘ವಾಕ್ಯವು ಒಬ್ಬ ದೇವರು’ ಎಂದು ಅವರ ಅನುವಾದ. ಆದರೆ ಅದೇ ಅಧ್ಯಾಯದ 6, 12, 13ನೇ ವಚನಗಳಲ್ಲೂ ‘ಹೋ’ ಇಲ್ಲ. ಅಲ್ಲೆಲ್ಲ ತಂದೆಯಾದ ದೇವರೆಂದೇ ಅವರೂ ಓದುತ್ತಾರೆ. ಗ್ರೀಕಿನಲ್ಲಿ ಹೀಗೆ ಕ್ರಿಯಾಪದಕ್ಕೆ ಮೊದಲು ಬಂದ ನಾಮಪದ ಸಾಮಾನ್ಯವಾಗಿ ಸ್ವರೂಪವನ್ನು ಹೇಳುತ್ತದೆ: ವಾಕ್ಯವು ‘ಏನು’? ದೇವರು. ‘ಹೋ’ ಇದ್ದಿದ್ದರೆ ವಾಕ್ಯವೂ ತಂದೆಯೂ ಒಬ್ಬನೇ ಎಂದಾಗಿ, ಅದರ ಹಿಂದಿನ ‘ದೇವರ ಬಳಿಯಲ್ಲಿತ್ತು’ ಎಂಬ ಮಾತೇ ಕೆಡುತ್ತಿತ್ತು. ಇತ್ತ ಯೋಹಾನ 20:28ರ ತೋಮನ ಮಾತಿನಲ್ಲಿ ‘ಹೋ ಥಿಯೋಸ್’ ಇದೆ.

ಕೊಲೊಸ್ಸೆಯ ‘ಜ್ಯೇಷ್ಠ’ ಎಂಬುದು ಹುಟ್ಟಿದ ಕ್ರಮವನ್ನೇ ಹೇಳಬೇಕಿಲ್ಲ. ಕೀರ್ತನೆ 89:27ರಲ್ಲಿ ದೇವರು ದಾವೀದನನ್ನು ಜ್ಯೇಷ್ಠನನ್ನಾಗಿ ‘ಮಾಡುತ್ತೇನೆ’ ಎನ್ನುತ್ತಾನೆ. ದಾವೀದ ಇಷಯನ ಮಕ್ಕಳಲ್ಲಿ ಕಡೆಯವನು. ಅದು ಪಟ್ಟದ ಮಾತು. ‘ತಂದೆಯು ನನಗಿಂತ ದೊಡ್ಡವನು’ ಎಂಬುದಕ್ಕೆ ಹಿಂದಿನವರು ಎರಡು ರೀತಿ ಅರ್ಥ ಹೇಳಿದ್ದಾರೆ. ಮನುಷ್ಯನಾಗಿ ತಗ್ಗಿದ ಸ್ಥಿತಿಯಲ್ಲಿ ಆಡಿದ ಮಾತು ಎಂಬುದು ಒಂದು. ತಂದೆ ಮೂಲ, ಮಗ ಆ ಮೂಲದಿಂದ ಬಂದವನು, ಹಿರಿತನ ಅಷ್ಟರಲ್ಲೇ, ಸತ್ವದಲ್ಲಲ್ಲ ಎಂಬುದು ಇನ್ನೊಂದು. ನಿಜಕ್ಕೂ ಕಷ್ಟದ ವಚನ ಮಾರ್ಕ 13:32: ಆ ದಿನವನ್ನು ಮಗನೂ ಅರಿಯನು. ಮನುಷ್ಯ ಸ್ವಭಾವಕ್ಕೆ ಸಂಬಂಧಿಸಿದ ಮಾತು ಎಂದು ಅಥನಾಸಿಯಸ್ ಹೇಳುತ್ತಾನೆ. ಅದು ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರವಲ್ಲ, ಇದನ್ನು ಅವರ ಎದುರೇ ಒಪ್ಪಿಕೊಳ್ಳಿ.

1 ಯೋಹಾನ 5:7ರ ‘ಪರಲೋಕದಲ್ಲಿ ಸಾಕ್ಷಿ ಕೊಡುವವರು ಮೂವರು’ ಎಂಬ ಸಾಲನ್ನು ಮಾತ್ರ ವಾದಕ್ಕೆ ಎಳೆಯಬೇಡಿ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಅದಿಲ್ಲ, ಲ್ಯಾಟಿನ್ ಕಡೆಯಿಂದ ಸೇರಿದ್ದು. ಎರಾಸ್ಮಸ್ ತನ್ನ 1516 ಮತ್ತು 1519ರ ಗ್ರೀಕ್ ಮುದ್ರಣಗಳಲ್ಲಿ ಬಿಟ್ಟಿದ್ದ, ಒತ್ತಡ ಬಂದ ಮೇಲೆ 1522ರಲ್ಲಿ ಸೇರಿಸಿದ. ನಿಕೇಯದ ವಾದದಲ್ಲಿ ಅಥನಾಸಿಯಸ್ ಅದನ್ನು ಬಳಸಿಲ್ಲ, ಅದಿಲ್ಲದೆಯೂ ಗೆದ್ದ.

ಪ್ರಶ್ನೆ: ಸಂಡೇ ಸ್ಕೂಲಿನಲ್ಲಿ 9ರಿಂದ 12 ವಯಸ್ಸಿನ ಮಕ್ಕಳಿಗೆ ತ್ರಿತ್ವ ಹೇಳಿಕೊಡಬೇಕು. ನೀರು–ಮಂಜುಗಡ್ಡೆ–ಹಬೆ ಹೋಲಿಕೆ ಸಾಕೇ? — ಶಿಕ್ಷಕಿ, ಬೆಂಗಳೂರು

ಅದನ್ನೇ ಮೊದಲು ಬಿಡಿ. ನೀರು ಗಡ್ಡೆಯಾದಾಗ ಹಬೆಯಲ್ಲ. ದೇವರು ಒಮ್ಮೆ ತಂದೆ, ಇನ್ನೊಮ್ಮೆ ಮಗ, ಆಮೇಲೆ ಆತ್ಮ ಎಂದು ವೇಷ ಬದಲಿಸಿದಂತಾಗುತ್ತದೆ. ಮೂರನೆಯ ಶತಮಾನದಲ್ಲಿ ಸಬೆಲ್ಲಿಯಸ್ ಹೇಳಿದ್ದೆನ್ನಲಾದ ಬೋಧನೆ ಇದೇ. ‘ಒಬ್ಬನೇ ಮನುಷ್ಯ ಮನೆಯಲ್ಲಿ ಅಪ್ಪ, ಆಫೀಸಿನಲ್ಲಿ ಸಾಹೇಬ, ಅಜ್ಜಿಗೆ ಮಗ’ ಎಂಬುದರಲ್ಲೂ ಅದೇ ತಪ್ಪು. ಹಾಗಾದರೆ ಗೆತ್ಸೆಮನೆಯಲ್ಲಿ ಯೇಸು ಪ್ರಾರ್ಥಿಸಿದ್ದು ಯಾರಿಗೆ ಎಂದು ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಚಿಪ್ಪು, ಕಾಯಿ, ಎಳನೀರು ಸೇರಿ ತೆಂಗಿನಕಾಯಿ ಎಂದರೆ ಒಬ್ಬೊಬ್ಬರೂ ಮೂರನೇ ಒಂದು ಪಾಲು ದೇವರಾಗುತ್ತಾರೆ. ಬಿಲ್ವದ ಮೂರು ದಳಕ್ಕೂ ಅದೇ ದೋಷ. ಸೂರ್ಯ ಮತ್ತು ಅದರ ಕಿರಣದ ಹೋಲಿಕೆ ಹಳೆಯದು, ‘ಬೆಳಕಿನಿಂದ ಬಂದ ಬೆಳಕು’ ಎಂದು ವಿಶ್ವಾಸ ಪ್ರಮಾಣದಲ್ಲೇ ಇದೆ. ಆದರೆ ಕಿರಣ ಯಾರೊಡನೆಯೂ ಮಾತಾಡುವುದಿಲ್ಲ, ಮಗ ತಂದೆಯೊಡನೆ ಮಾತಾಡುತ್ತಾನೆ. ತ್ರಿಮೂರ್ತಿಗಳ ಹೋಲಿಕೆಯೂ ಬೇಡ. ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕೆಲಸ ಹಂಚಿಕೆಯಾಗಿದೆ. ಇಲ್ಲಿ ಮೂವರ ಕೆಲಸವೂ ಒಂದೇ.

ಹೀಗೆ ಮಾಡಿ. ಮೊದಲು ಮತ್ತಾಯ 3:16-17 ಓದಿಸಿ. ಯೊರ್ದನ್ ಹೊಳೆಯಿಂದ ಮೇಲೆ ಬರುತ್ತಿರುವವನು ಯಾರು, ಪಾರಿವಾಳದಂತೆ ಇಳಿದದ್ದು ಯಾರು, ಆಕಾಶದಿಂದ ಮಾತಾಡಿದ್ದು ಯಾರು ಎಂದು ಕೇಳಿ, ಉತ್ತರ ಮಕ್ಕಳೇ ಹೇಳಲಿ. ಮೂವರೂ ಒಂದೇ ಗಳಿಗೆಯಲ್ಲಿ ಇದ್ದಾರೆ, ವೇಷದ ಮಾತು ಅಲ್ಲಿಗೇ ಬಿತ್ತು. ಆಮೇಲೆ ಬೋರ್ಡಿನ ಮೇಲೆ ದೊಡ್ಡ ತ್ರಿಕೋನ ಬರೆಯಿರಿ. ಮೂಲೆಗಳಲ್ಲಿ ತಂದೆ, ಮಗ, ಪವಿತ್ರಾತ್ಮ, ನಡುವೆ ‘ದೇವರು’. ಮೂಲೆಯಿಂದ ನಡುವಿಗೆ ಎಳೆದ ಮೂರು ಗೆರೆಗಳ ಮೇಲೆ ‘ಹೌದು’, ಹೊರಗಿನ ಮೂರು ಬದಿಗಳ ಮೇಲೆ ‘ಅಲ್ಲ’ ಎಂದು ಬರೆಯಿರಿ. ತಂದೆ ದೇವರು, ಹೌದು. ತಂದೆ ಮಗನೇ? ಅಲ್ಲ. ಪ್ರತಿ ಗೆರೆಯ ಮೇಲೂ ಬೆರಳಿಟ್ಟು ಒಂದೊಂದು ಮಗು ಓದಲಿ. ಮಧ್ಯಯುಗದ ಯೂರೋಪಿನ ಚರ್ಚುಗಳಿಂದ ಬಂದ ಚಿತ್ರ ಇದು, ಇಂದಿಗೂ ಇದಕ್ಕಿಂತ ಚೊಕ್ಕವಾದದ್ದು ನಮಗೆ ಗೊತ್ತಿಲ್ಲ. ‘ವ್ಯಕ್ತಿ’ ಎಂಬ ಪದವನ್ನು ಈ ವಯಸ್ಸಿಗೆ ಬಳಸಬೇಡಿ, ಮಕ್ಕಳ ಕಣ್ಣಮುಂದೆ ಮೂರು ಕುರ್ಚಿಯಲ್ಲಿ ಕೂತ ಮೂವರು ಬಂದುಬಿಡುತ್ತಾರೆ. ‘ಯಾರು?’ ಎಂಬುದೇ ಸಾಕು. ‘ಅರ್ಥವಾಗಲಿಲ್ಲ ಮಿಸ್’ ಎಂದ ಮಗುವಿಗೆ ಹೊಸ ಹೋಲಿಕೆ ಹುಡುಕಿ ಕೊಡಬೇಡಿ, ಯೊರ್ದನ್ ಹೊಳೆಗೇ ವಾಪಸ್ ಕರೆದೊಯ್ಯಿರಿ.

ಪ್ರಶ್ನೆ: ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಚರ್ಚಿನವರು ಯೇಸುವಿಗೆ ಒಂದೇ ಸ್ವಭಾವ ಎನ್ನುತ್ತಾರಂತೆ. ಹಾಗಾದರೆ ಆತ ಮನುಷ್ಯನಲ್ಲವೇ? — ಓದುಗರು, ಉಡುಪಿ

ಪೂರ್ಣ ಮನುಷ್ಯ ಎಂದೇ ಅವರ ನಂಬಿಕೆ. 451ರ ಕಾಲ್ಸಿಡನ್ ಸಭೆ ಒಬ್ಬನೇ ಕ್ರಿಸ್ತನು ‘ಎರಡು ಸ್ವಭಾವಗಳಲ್ಲಿ’, ಅಂದರೆ ದೇವರಾಗಿಯೂ ಮನುಷ್ಯನಾಗಿಯೂ, ಇದ್ದಾನೆ ಎಂದು ಬರೆದು ನಾಲ್ಕು ಬೇಲಿ ಹಾಕಿತು: ಬೆರಕೆಯಾಗದೆ, ಬದಲಾಗದೆ, ಭಾಗವಾಗದೆ, ಬೇರ್ಪಡದೆ. ಈಜಿಪ್ಟಿನ ಕೋಪ್ಟರು, ಅರ್ಮೇನಿಯರು, ಸಿರಿಯದ ಬಹುಪಾಲು ಜನ ಒಪ್ಪಲಿಲ್ಲ. ‘ಎರಡರಲ್ಲಿ’ ಎಂದರೆ ಕ್ರಿಸ್ತನನ್ನು ಇಬ್ಭಾಗ ಮಾಡಿದಂತೆ ಎಂದು ಅವರ ಆಕ್ಷೇಪ. ‘ಎರಡರಿಂದ ಒಂದಾದ’ ಸ್ವಭಾವ ಎಂಬುದು ಅಲೆಕ್ಸಾಂಡ್ರಿಯದ ಸಿರಿಲನಿಂದ ಅವರು ಪಡೆದ ಮಾತು. ಮನುಷ್ಯತ್ವವು ಸಮುದ್ರಕ್ಕೆ ಬಿದ್ದ ಜೇನಹನಿಯಂತೆ ದೈವತ್ವದಲ್ಲಿ ಕರಗಿತು ಎಂಬ ಬೋಧನೆಗೆ ಯುಟಿಕಿಸನ ಹೆಸರು ಅಂಟಿದೆ, ಅವನನ್ನು ಈ ಚರ್ಚುಗಳೂ ಖಂಡಿಸುತ್ತವೆ. ಇದು ಬಹುಮಟ್ಟಿಗೆ ಪದದ ಜಗಳ ಎಂದು ಎರಡೂ ಕಡೆಯವರು ಒಪ್ಪಲು 1,500 ವರ್ಷ ಹಿಡಿಯಿತು. 1973ರಲ್ಲಿ ಆರನೆಯ ಪೌಲ್ ಮತ್ತು ಕೋಪ್ಟಿಕ್ ಪೋಪ್ ಶೆನೂದ, 1984ರಲ್ಲಿ ಎರಡನೆಯ ಜಾನ್ ಪೌಲ್ ಮತ್ತು ಸಿರಿಯನ್ ಪಿತೃಪ್ರಧಾನ ಝಕ್ಕಾ ಜಂಟಿ ಘೋಷಣೆಗಳಿಗೆ ಸಹಿ ಹಾಕಿದರು.

ಬ್ರಹ್ಮಾವರದ ಕೊಂಕಣಿ ಸಮುದಾಯ ಈ ಪರಂಪರೆಗೆ ಸೇರಿದ್ದು ಸ್ವಭಾವದ ತರ್ಕದಿಂದಲ್ಲ. ಪೋರ್ಚುಗೀಸ್ ಪದ್ರುವಾದೊ (ಚರ್ಚುಗಳ ಮೇಲೆ ಪೋರ್ಚುಗಲ್ ದೊರೆಗಿದ್ದ ಹಕ್ಕು) ಮತ್ತು ರೋಮಿನ ಅಧಿಕಾರದ ತಿಕ್ಕಾಟದಲ್ಲಿ ಗೋವಾದ ಅಲ್ವಾರಿಸ್ ಪಾದ್ರಿ 1889ರಲ್ಲಿ ಕೇರಳದ ಮಲಂಕರ ಸಭೆಯಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಆದ, ಬ್ರಹ್ಮಾವರದವರು ಜೊತೆಗೆ ನಿಂತರು. ಅವರ ಪೂಜೆಗೆ ಹೋದರೆ ಒಂದನ್ನು ಗಮನಿಸಿ: ‘ಪವಿತ್ರನಾದ ದೇವರೇ, ಪವಿತ್ರನಾದ ಬಲಶಾಲಿಯೇ, ಪವಿತ್ರನಾದ ಅಮರನೇ’ ಎಂಬ ಪ್ರಾರ್ಥನೆಗೆ ಸಿರಿಯನ್ ಸಂಪ್ರದಾಯದಲ್ಲಿ ‘ನಮಗಾಗಿ ಶಿಲುಬೆಗೇರಿದವನೇ’ ಎಂದು ಸೇರಿಸುತ್ತಾರೆ. ಗ್ರೀಕರು ಆ ಪ್ರಾರ್ಥನೆಯನ್ನು ತ್ರಿತ್ವಕ್ಕೆ ಸಲ್ಲಿಸುತ್ತಿದ್ದರು, ಅವರ ಕಿವಿಗೆ ಇದು ತ್ರಿತ್ವವೇ ಶಿಲುಬೆಗೇರಿದಂತೆ ಕೇಳಿಸಿತು. ಸಿರಿಯನ್ನರು ಸಲ್ಲಿಸುವುದು ಕ್ರಿಸ್ತನೊಬ್ಬನಿಗೆ.

ಪ್ರಶ್ನೆ: ರಾಜಾ ರಾಮಮೋಹನ ರಾಯರೂ ಈ ವಾದದಲ್ಲಿದ್ದರೇ? — ಓದುಗರು, ಶಿವಮೊಗ್ಗ

ಇದ್ದರು, ತ್ರಿತ್ವದ ವಿರುದ್ಧ. 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನಷ್ಟೇ ಆಯ್ದು ಪ್ರಕಟಿಸಿದರು, ಪವಾಡಗಳನ್ನು ಬಿಟ್ಟರು. ಶ್ರೀರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅದನ್ನು ಟೀಕಿಸಿದರು, ರಾಯರು 1823ರವರೆಗೆ ಮೂರು ಉತ್ತರಗಳನ್ನು ಬರೆದರು. ಮೂರನೆಯದನ್ನು ಬ್ಯಾಪ್ಟಿಸ್ಟ್ ಮುದ್ರಣಾಲಯ ಅಚ್ಚು ಹಾಕಲು ಒಪ್ಪದೆ ಹೋದಾಗ ಬೇರೆ ಅಚ್ಚುಕೂಟವನ್ನೇ ಮಾಡಿಕೊಂಡರು. ಸುವಾರ್ತೆಗಳನ್ನು ಬಂಗಾಳಿಗೆ ತರುವಾಗ ಯೋಹಾನ 1:3ರ ‘ದಿಯಾ’ ಎಂಬ ಪುಟ್ಟ ಗ್ರೀಕ್ ಪದದ ಮೇಲೆ ಜಗಳವಾಯಿತು. ಸಮಸ್ತವೂ ‘ಆತನಿಂದ’ ಆಯಿತೋ, ‘ಆತನ ಮೂಲಕ’ ಆಯಿತೋ? ‘ಮೂಲಕ’ ಎಂದರೆ ಅದರ ಹಿಂದೆ ಇನ್ನೊಬ್ಬನಿದ್ದಾನೆ. ಈ ಚರ್ಚೆಯಲ್ಲಿ ಜೊತೆಗಿದ್ದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಆ್ಯಡಂ 1821ರಲ್ಲಿ ತಾವೇ ತ್ರಿತ್ವವನ್ನು ಬಿಟ್ಟು ಯುನಿಟೇರಿಯನ್ ಆದರು. ಪದದ ಅರ್ಥ ‘ಮೂಲಕ’ವೇ ಸರಿ. ಆದರೆ ನಿಕೇಯದ ಪ್ರಮಾಣವೂ ‘ಆತನ ಮೂಲಕ ಸಮಸ್ತವೂ ಉಂಟಾಯಿತು’ ಎಂದೇ ಹೇಳುತ್ತದೆ, ಆದ್ದರಿಂದ ಆ ಪದವೊಂದರಿಂದ ತ್ರಿತ್ವ ಬೀಳುವುದಿಲ್ಲ.

ಪ್ರಶ್ನೆ: ‘ಯೇಸುವಿನ ನಾಮದಲ್ಲಿ’ ಮಾತ್ರ ದೀಕ್ಷಾಸ್ನಾನ ಪಡೆದ ಹುಡುಗನೊಂದಿಗೆ ಮಗಳ ಮದುವೆ ನಿಶ್ಚಯವಾಗಿದೆ. ನಮ್ಮ ಚರ್ಚಿನಲ್ಲಿ ತೊಂದರೆಯಾಗುತ್ತದೆಯೇ? — ಓದುಗರು, ಬೀದರ್

ಆಗಬಹುದು, ಈಗಲೇ ಪಾದ್ರಿಯವರಲ್ಲಿ ಹೇಳಿಬಿಡಿ. ಅಪೊಸ್ತಲರ ಕೃತ್ಯಗಳು 2:38ನ್ನು ಹಿಡಿದ ಈ ರೂಢಿ 1913ರ ನಂತರ ಅಮೆರಿಕದ ಪೆಂತೆಕೋಸ್ತರಲ್ಲಿ ಹರಡಿತು. ಅವರಲ್ಲಿ ತಂದೆ, ಮಗ, ಆತ್ಮ ಮೂರೂ ಯೇಸುವೇ ಎಂಬ ಬೋಧನೆಯಿದೆ. 1916ರಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂತೆಕೋಸ್ತ ಸಂಘಟನೆ ತ್ರಿತ್ವವನ್ನೇ ಗಟ್ಟಿ ಮಾಡಿದಾಗ ಅವರು ಹೊರಬಂದರು. ಕ್ಯಾಥೊಲಿಕ್ ಮತ್ತು ಬಹುತೇಕ ಪ್ರಾಟೆಸ್ಟೆಂಟ್ ಸಭೆಗಳು ನೋಡುವುದು ಎರಡನ್ನು: ನೀರು ಬಿತ್ತೇ ಅಥವಾ ಮುಳುಗಿಸಿದರೇ, ಮತ್ತಾಯ 28:19ರ ಪ್ರಕಾರ ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿದರೇ. ಆ ಹೆಸರು ಹೇಳದಿದ್ದರೆ ಹುಡುಗನಿಗೆ ದೀಕ್ಷಾಸ್ನಾನ ಆಗಿಲ್ಲವೆಂದೇ ಎಣಿಸುವ ಸಾಧ್ಯತೆ ಹೆಚ್ಚು. ಕ್ಯಾಥೊಲಿಕರಾದರೆ ಮದುವೆಗೆ ಬಿಷಪರಿಂದ ವಿಶೇಷ ವಿನಾಯಿತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಮದುವೆಯ ದಿನ ಗೊತ್ತುಮಾಡುವ ಮೊದಲೇ ಹುಡುಗನ ಸಭೆಯಿಂದ ಪತ್ರ ತರಿಸಿ. ಅದರಲ್ಲಿ ದಿನಾಂಕದ ಜೊತೆಗೆ, ನೀರಿಗಿಳಿಸುವಾಗ ಹೇಳಿದ ಮಾತುಗಳನ್ನು ಇದ್ದದ್ದು ಇದ್ದಂತೆ ಬರೆಸಿಕೊಳ್ಳಿ. ‘ಕ್ರೈಸ್ತ ವಿಧಿಯಂತೆ ನೆರವೇರಿದೆ’ ಎಂದಷ್ಟೇ ಬರೆದ ಪತ್ರದಿಂದ ಕೆಲಸವಾಗುವುದಿಲ್ಲ.